ಕೆಸರೂ ಮೆರುಗೂ

ಕಾರಿಗೆ ಹಚ್ಚುವ ಪಾಲಿಷನ್ನು ಬೈಸಿಕಲ್ಲಿಗೆ ಬಳಿಯುವುದು ವಿಲಾಸವೆಂದು ಕೆಲವರಿಗೆ ತೋರಬಹುದು. ಬೆಟ್ಟದ ಹಾದಿಗೆಂದೇ ರೂಪುಗೊಂಡ ಮೌಂಟನ್ ಬೈಕಿನ ಮಟ್ಟಿಗೆ ಅದು ಆರೈಕೆಯ ಒಂದು ಅಂಗ. ೧೯೭೬ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಪ್ರಾಂತದಲ್ಲಿ ಹಳೆಯ ಬೈಸಿಕಲ್ಲುಗಳನ್ನೇರಿ ಬೆಟ್ಟವಿಳಿಯುವ ಪಂದ್ಯವೊಂದು ಮೊದಲಾಯಿತು. ಇಳಿಯುವ ರಭಸಕ್ಕೆ ಹಿಂದಿನ ಬ್ರೇಕು ಕಾದು, ಗಾಲಿಯ ನಡುವಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಅದನ್ನು ಹೊಸದಾಗಿ ತುಂಬಬೇಕಾಗುತ್ತಿತ್ತು. ಆದ್ದರಿಂದ ಆ ಇಳಿಜಾರಿಗೆ ‘ರಿಪ್ಯಾಕ್’, ಎಂದರೆ ಮರಳಿ ತುಂಬುವುದು, ಎಂಬ ಹೆಸರೇ ನಿಂತಿತು. ಈ ವಾಹನಕ್ಕೆ ಸವಾರಿಯೊಡನೆ ಶುಶ್ರೂಷೆಯೂ ಹುಟ್ಟಿನಿಂದಲೇ ಬಂದದ್ದು.

ಮೆರುಗಿನಲ್ಲಿ ಎರಡು ಬಗೆ. ಪಾಲಿಷ್ ಎಂಬುದರಲ್ಲಿ ನುಣ್ಣನೆಯ ಉಜ್ಜುಪುಡಿ ಇರುತ್ತದೆ. ಅದು ಬಣ್ಣದ ಮೇಲ್ಪದರವನ್ನು ತುಸುವೇ ಸವೆಸಿ ಹೊಳಪು ತರುತ್ತದೆ. ಮೇಣವಾದರೋ, ಬ್ರೆಜಿಲಿನ ಕಾರ್ನೌಬಾ ತಾಳೆಯ ಎಲೆಯಿಂದ ಬಂದದ್ದಿರಲಿ, ರಸಾಯನದಿಂದಾದದ್ದಿರಲಿ, ಬಣ್ಣದ ಮೇಲೆ ತೆಳುಪೊರೆಯಾಗಿ ನಿಂತು ನೀರನ್ನು ಹನಿಗಟ್ಟಿಸಿ ಜಾರಿಸುತ್ತದೆ. ಕೆಸರಿಗೆ ಅಂಟಿಕೊಳ್ಳುವ ಆಸರೆ ತಪ್ಪುತ್ತದೆ. ಆದರೆ ಮೊದಲು ತೊಳೆದು ಒಣಗಿಸಬೇಕು. ಮರಳಿನ ಮೇಲೆಯೇ ಉಜ್ಜಿದರೆ ಗೀರು ಬಿದ್ದೀತು. ಹೊಳಪಿಲ್ಲದ ಬಣ್ಣದ ಚೌಕಟ್ಟಿಗೆ ಉಜ್ಜುಪಾಲಿಷ್ ಸಲ್ಲದು. ಇನ್ನು ಬ್ರೇಕಿನ ಡಿಸ್ಕಿಗೆ ಮೇಣ ತಗುಲಿದರಂತೂ ಹಿಡಿತ ತಪ್ಪಿ ಪ್ರಾಣಕ್ಕೇ ಸಂಚಕಾರ.

ಹೊಳಪಿಗಿಂತ ದೊಡ್ಡ ಲಾಭ ಬೇರೊಂದಿದೆ. ಬಟ್ಟೆ ಹಿಡಿದ ಕೈ ಬೆಸುಗೆಯ ಸಂದುಸಂದುಗಳಲ್ಲಿ ಹಾಯುವಾಗ, ಕೆಸರಿನಡಿ ಅಡಗಿದ್ದ ಕೂದಲೆಳೆಯ ಬಿರುಕು ಕಣ್ಣಿಗೆ ಬೀಳುತ್ತದೆ. ಇಳಿಜಾರಿನಲ್ಲಿ ತಿಳಿಯುವುದಕ್ಕಿಂತ ಅಂಗಳದಲ್ಲಿ ತಿಳಿಯುವುದು ಲೇಸು.