ಬೂದಿ ‘ಪಾಸ್’ ಆದರೆ ಬಾವಿ ನೀರೂ ಪಾಸೇ?

ಸೋಲಾಪುರ: ಕನ್ನಡ ಮನೆಮಾತಾಗಿರುವ ದಕ್ಷಿಣ ಸೋಲಾಪುರ ಭಾಗದಲ್ಲಿ ಎನ್‌ಟಿಪಿಸಿಯ 1,320 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ಸ್ಥಾವರವಿದೆ. ನಮ್ಮ ದೇಶದ ಕಲ್ಲಿದ್ದಲು ನೂರು ಕೆ.ಜಿ. ಉರಿದರೆ ಸಾಮಾನ್ಯವಾಗಿ 30ರಿಂದ 45 ಕೆ.ಜಿ. ಬೂದಿ ಉಳಿಯುತ್ತದೆ. ಸಿಮೆಂಟು, ಇಟ್ಟಂಗಿ, ರಸ್ತೆ, ತಗ್ಗು ತುಂಬುವುದು ಹೀಗೆ ಇಂಥ ಬೂದಿಗೆ ಬಳಕೆ ಹಲವು.

ಆದರೆ ಇಂಥ ಬೂದಿ ಬೀಳುವ ಯಾವ ಊರಲ್ಲೂ ಏಳುವ ಪ್ರಶ್ನೆ ಒಂದೇ: ‘ಮಳಿ ಬಿದ್ದ ಮ್ಯಾಲೆ ಬಾವಿ ನೀರು ಕುಡಿಯಾಕ ಬರ್ತದೇನ್ರೀ?’

ಬೂದಿಯಿಂದ ನೀರಿಗೆ ಏನೇನು ಇಳಿಯುತ್ತದೆ ಎಂದು ನೋಡುವುದೇ ಲೀಚಿಂಗ್ ಟೆಸ್ಟ್. ಚಹಾ ಪುಡಿ ಒಂದೇ ಆದರೂ ನೀರು, ಕಾವು, ಹೊತ್ತು ಬದಲಾದರೆ ಚಹಾದ ರುಚಿ ಬದಲಾಗುತ್ತದೆ. ಬೂದಿಯ ಕಥೆಯೂ ಹಾಗೇ.

ಹೆಚ್ಚು ಬಳಕೆಯಲ್ಲಿರುವುದು ಟಿಸಿಎಲ್‌ಪಿ ವಿಧಾನ. ಸುಮಾರು ನೂರು ಗ್ರಾಂ ಮಾದರಿಗೆ ಇಪ್ಪತ್ತು ಪಟ್ಟು ಅಸಿಟಿಕ್ ಆಮ್ಲದ ದ್ರಾವಣ ಹಾಕಿ, ನಿಮಿಷಕ್ಕೆ 30 ಸುತ್ತಿನಂತೆ 18 ತಾಸು ತಿರುಗಿಸಿ, ಸೋಸಿ, ಲೋಹ ಅಳೆಯುತ್ತಾರೆ.

ಕಾಗದದ ಮೇಲೆ ಸರಳ, ಕೈ ಹಚ್ಚಿದರೆ ತೊಡಕು. ಗುಡ್ಡದಷ್ಟು ಬೂದಿಗೆ ನೂರು ಗ್ರಾಂ ಸಾಕ್ಷಿ! ಒಂದೇ ಮೂಲೆಯಿಂದ ತೆಗೆದರೆ ಲೆಕ್ಕ ತಪ್ಪುತ್ತದೆ. ಹಲವು ಕಡೆ, ಹಲವು ಆಳದಿಂದ ತೆಗೆದು ಕಲಸಬೇಕು. ನಡುವೆ ಕರೆಂಟ್ ಹೋದರೆ ಹೊಸ ಮಾದರಿಯಿಂದಲೇ ಶುರು ಮಾಡುವುದು ಸರಿ. ನುಣುಪು ಬೂದಿ ಸೋಸುಕಾಗದಕ್ಕೆ ಮೆತ್ತಿಕೊಂಡು ಸೋಸುವುದೇ ಸಾಹಸವಾಗುತ್ತದೆ. ಕಾಗದ ಹರಿದು ಕಣ ಒಳಹೊಕ್ಕರೆ ಅಂಕಿ ಏರುತ್ತದೆ. ಸೋಸಿದ ನೀರಿಗೆ ನೈಟ್ರಿಕ್ ಆಮ್ಲ ಹಾಕಲು ತಡವಾದರೆ ಲೋಹ ಬಾಟಲಿಗೆ ಅಂಟಿ ಅಂಕಿ ಇಳಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಡಕು ದ್ರಾವಣದ್ದು. ಈ ವಿಧಾನ ರೂಪುಗೊಂಡಿದ್ದು ಅಮೆರಿಕದಲ್ಲಿ, ಊರ ಕಸ ಕೊಳೆತು ಹುಳಿಯಾಗುವ ಗುಂಡಿಯನ್ನು ಮನಸ್ಸಿನಲ್ಲಿಟ್ಟು. ಬೂದಿಗುಡ್ಡದಲ್ಲಿ ಆ ಹುಳಿ ಇಲ್ಲ, ಬರೀ ಮಳೆನೀರು. ಆರ್ಸೆನಿಕ್, ಸೆಲೆನಿಯಂನಂಥವು ಕ್ಷಾರ ನೀರಿನಲ್ಲೂ ಕರಗಬಲ್ಲವು. ಆಮ್ಲದ ಪರೀಕ್ಷೆ ಅವನ್ನು ಕಡಿಮೆ ತೋರಿಸಬಹುದು. ಅಲ್ಲದೆ ಗುಡ್ಡ ನೆನೆಯುವುದು 18 ತಾಸಲ್ಲ, ವರ್ಷಗಟ್ಟಲೆ.

ಇನ್ನು ‘ಪಾಸ್’ ಎಂದರೇನು? ಅಪಾಯಕಾರಿ ತ್ಯಾಜ್ಯದ 2016ರ ನಿಯಮಗಳು ಈ ಪರೀಕ್ಷೆಯಲ್ಲಿ ಸೀಸಕ್ಕೆ ಇಟ್ಟ ಮಿತಿ ಲೀಟರಿಗೆ 5 ಮಿಲಿಗ್ರಾಂ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಅದೇ ಸೀಸಕ್ಕೆ 0.01. ಅಂದರೆ ಐದು ನೂರು ಪಟ್ಟು ಅಂತರ! ಬಾವಿ ಸೇರುವಷ್ಟರಲ್ಲಿ ರಸ ನೂರು ಪಟ್ಟು ತೆಳುವಾಗುತ್ತದೆ ಎಂಬ ಅಂದಾಜಿನ ಮೇಲೆ, ಸೀಸದ ಹಳೆಯ ಮಾನಕ 0.05 ಇದ್ದಾಗ ಅಮೆರಿಕದಲ್ಲಿ ಹುಟ್ಟಿದ ಸಂಖ್ಯೆ ಇದು.

ಆದ್ದರಿಂದ ‘ರಿಪೋರ್ಟ್‌ನ್ಯಾಗ ಪಾಸ್ ಅದ’ ಎಂದರೆ ಅಪಾಯಕಾರಿ ತ್ಯಾಜ್ಯದ ಮಿತಿ ದಾಟಿಲ್ಲ ಎಂದಷ್ಟೇ ಅರ್ಥ, ಬಾವಿ ನೀರಿಗೆ ಸರ್ಟಿಫಿಕೇಟ್ ಅಲ್ಲ. ಗ್ರಾಮಸಭೆಯಲ್ಲಿ ವರದಿ ತೋರಿಸಿದರೆ ಮೂರು ಮಾತು ಕೇಳಬೇಕು: ಮಾದರಿ ಎಲ್ಲೆಲ್ಲಿಂದ ತೆಗೆದದ್ದು? ಯಾವ ದ್ರಾವಣ ಬಳಸಿದ್ದು? ಬರೀ ನೀರಿನಲ್ಲೂ ಪರೀಕ್ಷೆ ಆಗಿದೆಯೇ? ಜೊತೆಗೆ ಬಾವಿ, ಬೋರ್‌ವೆಲ್ ನೀರನ್ನು ಮಳೆಗಾಲದ ಮೊದಲೊಮ್ಮೆ, ನಂತರವೊಮ್ಮೆ ಬೇರೆಯಾಗಿಯೇ ಪರೀಕ್ಷೆ ಮಾಡಿಸಬೇಕು. ಕುಡಿಯುವುದು ಬಾವಿ ನೀರು, ತೂಗಬೇಕಾದ್ದೂ ಅದನ್ನೇ.