ಗುಣವಾದಂತೆ ಕಾಣುವ ತಿಂಗಳು

ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣಿಸಿಕೊಳ್ಳುವುದು ರಕ್ತದ ಕ್ಯಾನ್ಸರ್. ಅದರಲ್ಲೂ ವೈದ್ಯರು ಚುಟುಕಾಗಿ ಎಎಲ್‌ಎಲ್ ಎನ್ನುವ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಹೆಚ್ಚು. ಮೂಳೆಯೊಳಗಿನ ಮಜ್ಜೆಯಲ್ಲಿ ಬಲಿಯದ ಬಿಳಿ ರಕ್ತಕಣಗಳು ಹೊಲದ ಕಳೆಯಂತೆ ಹಬ್ಬಿ, ಉಳಿದ ಕಣಗಳಿಗೆ ಜಾಗವೇ ಇಲ್ಲದಂತೆ ಮಾಡುತ್ತವೆ. ಕೆಂಪು ಕಣ ಕಡಿಮೆಯಾಗಿ ಮಗು ಬಿಳಿಚಿಕೊಳ್ಳುತ್ತದೆ. ಪ್ಲೇಟ್‌ಲೆಟ್ ಇಳಿದು ಒಸಡಿನಲ್ಲಿ ರಕ್ತ ಜಿನುಗುತ್ತದೆ, ಎಲ್ಲೂ ಬೀಳದಿದ್ದರೂ ತೊಡೆಯ ಮೇಲೆ ನೀಲಿ ಕಲೆ ಏಳುತ್ತದೆ. ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣಗಳಿಲ್ಲದೆ ಜ್ವರ ಬಿಡುವುದಿಲ್ಲ. ಓಣಿಯಲ್ಲಿ ಓಡಾಡಿಕೊಂಡಿದ್ದ ಕೂಸು ಕಾಲುನೋವೆಂದು ಎತ್ತಿಕೊಳ್ಳಲು ಹಟ ಹಿಡಿಯುತ್ತದೆ.

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಹಳ್ಳಿಗಳಲ್ಲಿ ಈ ಒಂದೊಂದು ಲಕ್ಷಣಕ್ಕೂ ಮೊದಲೇ ಒಂದೊಂದು ಹೆಸರಿದೆ. ಜ್ವರ ಬಂದರೆ ಟೈಫಾಯ್ಡ್, ಬಿಳಿಚಿಕೊಂಡರೆ ರಕ್ತ ಕಡಿಮೆ, ಕಾಲು ನೋವಾದರೆ ಆಟದ ದಣಿವು. ಹೀಗೆಂದುಕೊಳ್ಳುವುದರಲ್ಲೇ ವಾರಗಳು ಕಳೆಯುತ್ತವೆ. ಇದರಲ್ಲಿ ಊರ ವೈದ್ಯರನ್ನು ದೂರಿ ಪ್ರಯೋಜನವಿಲ್ಲ. ದಿನವೂ ಹತ್ತಾರು ಜ್ವರದ ಮಕ್ಕಳನ್ನು ನೋಡುವವರ ಮುಂದೆ ಇಂಥ ಮಗು ಬಂದು ಕೂರುವುದು ಎಷ್ಟೋ ವರ್ಷಕ್ಕೊಮ್ಮೆ. ಆದರೆ ಏನೆಂದು ತಿಳಿಯದ ಜ್ವರಕ್ಕೆ, ಕೀಲುನೋವಿಗೆ ಸ್ಟೆರಾಯ್ಡ್ ಕೊಡುವುದು ಮಾತ್ರ ದೊಡ್ಡ ತೊಡಕು. ಈ ಕಾಯಿಲೆಯ ಚಿಕಿತ್ಸೆಯಲ್ಲಿ ಸ್ಟೆರಾಯ್ಡ್ ಕೂಡ ಒಂದು ಔಷಧವಾದ್ದರಿಂದ ಮಗು ಕೆಲವು ದಿನ ಚೇತರಿಸಿಕೊಂಡಂತೆ ಕಾಣುತ್ತದೆ, ಮಜ್ಜೆಯ ಪರೀಕ್ಷೆಯೂ ದಾರಿ ತಪ್ಪಬಹುದು. ತಾಲ್ಲೂಕು ಆಸ್ಪತ್ರೆಯಲ್ಲೇ ಆಗುವ ಸಿಬಿಸಿ ರಕ್ತಪರೀಕ್ಷೆ, ಜೊತೆಗೆ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಬಹಳಷ್ಟು ಸಲ ಸುಳಿವು ಕೊಟ್ಟುಬಿಡುತ್ತವೆ. ಮಕ್ಕಳ ಇತರ ಕ್ಯಾನ್ಸರ್‌ಗಳನ್ನು ತಾಯಂದಿರೇ ಮೊದಲು ಗುರುತಿಸುವುದುಂಟು: ಎರೆಯುವಾಗ ಹೊಟ್ಟೆಯಲ್ಲಿ ಕೈಗೆ ಸಿಗುವ ಗಂಟು, ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆಯುವ ಪಾಪೆ.

ಕಾಯಿಲೆ ಖಚಿತವಾದ ಮೇಲೆ ದಾರಿ ಉದ್ದವಾಗುತ್ತದೆ. ಗದಗಿನ ಜಿಮ್ಸ್, ಹುಬ್ಬಳ್ಳಿಯಲ್ಲಿ ಜನ ಈಗಲೂ ಕಿಮ್ಸ್ ಎನ್ನುವ ಆಸ್ಪತ್ರೆ, ಅಲ್ಲಿಯದೇ ನವನಗರದ ಕ್ಯಾನ್ಸರ್ ಆಸ್ಪತ್ರೆ, ಕೊನೆಗೆ ಬೆಂಗಳೂರಿನ ಹೊಸೂರು ರಸ್ತೆಯ ಕಿದ್ವಾಯಿ. 1973ರಲ್ಲಿ ಶುರುವಾದ ಕಿದ್ವಾಯಿಯ ಹೆಸರು ಈ ಭಾಗದಲ್ಲಿ ಆಸ್ಪತ್ರೆಯ ಹೆಸರಾಗಿ ಉಳಿದಿಲ್ಲ. ‘ಕಿದ್ವಾಯಿಗೆ ಬರದ್ರು’ ಅಂದರೆ ಕೇಳಿದವರಿಗೆ ಕಾಯಿಲೆ ಯಾವುದೆಂದು ತಿಳಿಯುತ್ತದೆ. ಊರಿನಿಂದ ಅಲ್ಲಿಗೆ ಸುಮಾರು 400ರಿಂದ 450 ಕಿಲೋಮೀಟರ್. ನರಗುಂದಕ್ಕೂ ಗಜೇಂದ್ರಗಡಕ್ಕೂ ರೈಲಿಲ್ಲ. ರೋಣ ತಾಲ್ಲೂಕಿನ ಹೊಳೆಆಲೂರಿನ ಮೇಲೆ ಹಾದುಹೋಗುವ ಗೋಲಗುಂಬಜ್ ಎಕ್ಸ್‌ಪ್ರೆಸ್ ಗದಗ, ಹುಬ್ಬಳ್ಳಿ ದಾಟಿ ಬೆಂಗಳೂರು ಮುಟ್ಟುತ್ತದೆ.

ಮೊದಲ ಹಂತದ ಚಿಕಿತ್ಸೆ ನಾಲ್ಕೈದು ವಾರದ್ದು. ವಾರಕ್ಕೊಮ್ಮೆ ನರಕ್ಕೆ ವಿನ್‌ಕ್ರಿಸ್ಟಿನ್, ದಿನವೂ ಸ್ಟೆರಾಯ್ಡ್ ಮಾತ್ರೆ, ನಡುನಡುವೆ ಆಸ್ಪರಾಜಿನೇಸ್. ಮಗುವನ್ನು ಮಗ್ಗುಲಾಗಿ ಮಲಗಿಸಿ, ಮೊಣಕಾಲು ಎದೆಗೆ ಮುಟ್ಟುವಂತೆ ಬಾಗಿಸಿ ಹಿಡಿದು, ಬೆನ್ನುಹುರಿಯ ದ್ರವಕ್ಕೆ ಮೆಥೊಟ್ರೆಕ್ಸೇಟ್ ಬಿಡುತ್ತಾರೆ. ರಕ್ತದಲ್ಲಿ ಓಡಾಡುವ ಔಷಧ ಮೆದುಳಿನ ಸುತ್ತ ಸಾಕಷ್ಟು ತಲುಪದಿರುವುದರಿಂದ ಈ ಚುಚ್ಚು ತಪ್ಪುವುದಿಲ್ಲ. ವಿನ್‌ಕ್ರಿಸ್ಟಿನ್ ಸಿಕ್ಕಿದ್ದು ಮನೆಯಂಗಳದಲ್ಲಿ ನೀರಿಲ್ಲದೆಯೂ ಬದುಕುವ ಕಾಶಿಕಣಗಿಲೆಯ ಗಿಡದಲ್ಲಿ. ಮೆಥೊಟ್ರೆಕ್ಸೇಟ್ ವಂಶದ ಔಷಧಗಳ ಹಿಂದೆ ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದ ಕೆಲಸವಿದೆ. ಆ ತಂಡ ಕೊಟ್ಟ ಅಮಿನೊಪ್ಟೆರಿನ್ ಅನ್ನು ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತಕ್ಯಾನ್ಸರಿನ ಮಕ್ಕಳಿಗೆ ಬಳಸಿ, 1948ರಲ್ಲಿ 16 ಮಕ್ಕಳಲ್ಲಿ 10 ಮಂದಿ ತಾತ್ಕಾಲಿಕವಾಗಿ ಚೇತರಿಸಿಕೊಂಡರೆಂದು ವರದಿ ಮಾಡಿದರು. ಅದಕ್ಕೆ ಮೊದಲು ಈ ಕಾಯಿಲೆಗೆ ಔಷಧವೇ ಇರಲಿಲ್ಲ. ಸುಬ್ಬರಾವ್ ತೀರಿಕೊಂಡದ್ದೂ ಅದೇ ವರ್ಷ.

ಮೊದಲ ಹಂತ ಮುಗಿಯುವ ಹೊತ್ತಿಗೆ ಬಹುಪಾಲು ಮಕ್ಕಳ ಮಜ್ಜೆಯಲ್ಲಿ ಕ್ಯಾನ್ಸರ್ ಕಣ ಸೂಕ್ಷ್ಮದರ್ಶಕಕ್ಕೆ ಸಿಗುವುದಿಲ್ಲ. ಜ್ವರ ಹೋಗಿರುತ್ತದೆ, ಸ್ಟೆರಾಯ್ಡಿನಿಂದ ಹಸಿವು ಹೆಚ್ಚಿ ಗಲ್ಲ ದುಂಡಗಾಗಿರುತ್ತದೆ. ತಲೆಗೂದಲು ಬಿಟ್ಟರೆ ಎಲ್ಲ ಸರಿಯಾದಂತೆ ಕಾಣುತ್ತದೆ. ಇಡೀ ಚಿಕಿತ್ಸೆಯಲ್ಲಿ ಅತ್ಯಂತ ಮೋಸದ ತಿಂಗಳು ಇದೇ. ಕಣ್ಣಿಗೆ ಕಾಣದ ಕಣಗಳು ಇನ್ನೂ ಉಳಿದಿರುತ್ತವೆ, ಅವುಗಳ ಬೆನ್ನಟ್ಟಲು ಎರಡು, ಎರಡೂವರೆ ವರ್ಷ ಬೇಕು. ಆದರೆ ಮನೆಯಲ್ಲಿ ಅಜ್ಜಿ ‘ಕೂಸು ಆರಾಮ ಐತಿ, ಯಾಕ ಸುಮ್ಮನ ಸೂಜಿ ಚುಚ್ಚಸ್ತೀರಿ’ ಎನ್ನುತ್ತಾಳೆ. ಅಷ್ಟರಲ್ಲಿ ಕೈಯಲ್ಲಿದ್ದ ಹಣವೂ ಮುಗಿದಿರುತ್ತದೆ. ನಾಲ್ಕು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಚಿಕಿತ್ಸೆಗೆ ಬಾರದಿದ್ದರೆ ಅದನ್ನು ‘ಅರ್ಧಕ್ಕೆ ಬಿಟ್ಟದ್ದು’ ಎಂದು ಮಕ್ಕಳ ಕ್ಯಾನ್ಸರ್ ತಜ್ಞರು ಲೆಕ್ಕ ಹಿಡಿಯುತ್ತಾರೆ. ಬಿಟ್ಟು ಹೋದ ಮಗುವಿನಲ್ಲಿ ಕಾಯಿಲೆ ಮರಳಿದರೆ ಮೊದಲಿನ ಔಷಧಗಳಿಗೆ ಅದು ಸುಲಭವಾಗಿ ಬಗ್ಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಮಂದಿ ಗುಣವಾದರೆ, ಬಡ ಮತ್ತು ಮಧ್ಯಮ ಆದಾಯದ ಹಲವು ದೇಶಗಳಲ್ಲಿ ಈ ಪ್ರಮಾಣ 30ಕ್ಕೂ ಕಡಿಮೆ. ಈ ಅಂತರಕ್ಕೆ ತಡವಾದ ಪತ್ತೆ, ಔಷಧದ ಕೊರತೆಗಳ ಜೊತೆಗೆ ಅರ್ಧಕ್ಕೆ ಬಿಡುವುದೂ ಒಂದು ಮುಖ್ಯ ಕಾರಣ.

ಯಾಕೆ ಬಿಡುತ್ತಾರೆ ಎಂಬುದಕ್ಕೆ ಉತ್ತರ ಮನೆಯ ದುಡಿಮೆಯಲ್ಲಿದೆ. ಎರಿ ಹೊಲದ ಒಕ್ಕಲುತನದಲ್ಲಿ ರೊಕ್ಕ ಬರುವುದು ಮುಂಗಾರಿನ ಹೆಸರು ಮಾರಿದಾಗ, ಹಿಂಗಾರಿನ ಕಡಲೆ, ಜೋಳ ಮನೆಗೆ ಬಂದಾಗ. ಆಸ್ಪತ್ರೆಯ ತಾರೀಖು ಸುಗ್ಗಿಗೆ ಕಾಯುವುದಿಲ್ಲ. ಗಜೇಂದ್ರಗಡದ ನೇಕಾರ ಮನೆಯಲ್ಲಿ ಗಂಡ ಮಗ್ಗದ ಮೇಲೆ ಕೂತರೆ ಹೆಂಡತಿ ಕಂಡಿಕೆ ಸುತ್ತಬೇಕು. ಅವಳು ಮಗುವಿನ ಜೊತೆ ಬೆಂಗಳೂರಿನಲ್ಲಿದ್ದರೆ ಮಗ್ಗವೂ ಅರ್ಧ ನಿಂತಂತೆಯೇ. ಮೊದಲು ಬಂಗಾರ ಅಡವಿಗೆ ಹೋಗುತ್ತದೆ, ಆಮೇಲೆ ಹೊಲ ಲಾವಣಿಗೆ. ಊರಲ್ಲಿ ಉಳಿದ ಇನ್ನೊಂದು ಮಗು ಅಜ್ಜಿಯ ಕೈಯಲ್ಲಿ ಬೆಳೆಯುತ್ತದೆ.

ಚಿಕಿತ್ಸೆಯ ವೆಚ್ಚಕ್ಕೆ ಸರ್ಕಾರದ ಆಸರೆ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು, ಕಿಮೊಥೆರಪಿಯೂ ಅದರೊಳಗೇ ಬರುತ್ತದೆ. ರೇಷನ್ ಕಾರ್ಡ್, ಆಧಾರ್, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಕೈಯಲ್ಲಿರಬೇಕು. ಮಗುವಿನ ಹೆಸರು ಇನ್ನೂ ಕಾರ್ಡಿಗೆ ಸೇರದಿದ್ದರೆ ಅಲ್ಲೇ ಓಡಾಟ ಶುರು. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ, ಜೊತೆಗಿರುವ ಒಬ್ಬರಿಗೆ ನೂರಕ್ಕೆ 75ರಷ್ಟು ರಿಯಾಯಿತಿ ಇದೆ. ಆಸ್ಪತ್ರೆಯ ಪ್ರಮಾಣಪತ್ರ ತೋರಿಸಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿಗೆ ಸಾಮಾನ್ಯ ಸಾರಿಗೆ ಬಸ್ಸಿನ ಟಿಕೆಟ್ ಖರ್ಚೂ ಇಲ್ಲ. ಆದರೆ ಬೆಂಗಳೂರಿನ ಕೋಣೆಯ ಬಾಡಿಗೆ, ಊಟ, ತಪ್ಪಿದ ಕೂಲಿ ಯಾವ ಕಾರ್ಡಿಗೂ ಸೇರುವುದಿಲ್ಲ. ಮನೆಗಳು ಮುರಿಯುವುದು ಹೆಚ್ಚಾಗಿ ಈ ಚಿಲ್ಲರೆ ಲೆಕ್ಕದಲ್ಲೇ.

ಊರಿಗೆ ಮರಳಿದ ಮಗುವಿನ ಮನೆಯಲ್ಲಿ ಅತಿ ಮುಖ್ಯ ಸಾಧನ ಥರ್ಮಾಮೀಟರ್. ಔಷಧದಿಂದ ಬಿಳಿ ರಕ್ತಕಣ ಇಳಿದಿರುವಾಗ ಬರುವ ಜ್ವರ ಗಂಟೆಗಳಲ್ಲಿ ಜೀವ ತೆಗೆಯಬಲ್ಲದು; ಬೆಳಗಾಗಲಿ ನೋಡೋಣ ಎನ್ನುವಂತಿಲ್ಲ. ಆ ರಾತ್ರಿಯೇ ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ಆ್ಯಂಟಿಬಯಾಟಿಕ್ ನರಕ್ಕೆ ಹೋಗಬೇಕು. ಇಲ್ಲಿ ಬೆಂಗಳೂರಿಗಿಂತ ಗದಗ, ಹುಬ್ಬಳ್ಳಿಯೇ ಮುಖ್ಯ. ಓಣಿಯಲ್ಲಿ ದಡಾರ, ಸೀತಾಳೆ ಸಿಡುಬು ಎದ್ದರೆ ಮಗುವನ್ನು ದೂರ ಇಟ್ಟು, ಮಗ್ಗುಲಲ್ಲಿ ಯಾರಿಗಾದರೂ ಬಂದಿದ್ದರೆ ತಕ್ಷಣ ವೈದ್ಯರಿಗೆ ಹೇಳಬೇಕು. ಜಾತ್ರೆ, ಮದುವೆ ಒಂದಷ್ಟು ಕಾಲ ಬೇಡ. ಊಟ ಆಗತಾನೆ ಮಾಡಿದ್ದಾಗಿರಬೇಕು. ಒಣಗಿಸಿಟ್ಟ ಕಟಕ ರೊಟ್ಟಿಯ ಬುತ್ತಿ ಕಟ್ಟಿ ರೂಢಿಯಾದ ಮನೆಗಳಿಗೆ ಇದೂ ಹೊಸ ಶಿಸ್ತು.

ಕೊನೆಯ ಹಂತ ಮಾತ್ರೆಗಳದ್ದು, ಉದ್ದವೂ ಅದೇ. ಮರ್‌ಕ್ಯಾಪ್ಟೊಪ್ಯೂರಿನ್ ದಿನಾಲೂ ರಾತ್ರಿ. ಮೈತೂಕ, ಎತ್ತರ ನೋಡಿ ಒಂದು ದಿನ ಇಡೀ ಮಾತ್ರೆ, ಮರುದಿನ ಅರ್ಧ. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ಅದನ್ನು ತಪ್ಪಿ ದಿನವೂ ಕೊಟ್ಟರೆ ಬಾಯೆಲ್ಲ ಹುಣ್ಣಾಗಿ ಮಜ್ಜೆ ಬತ್ತುತ್ತದೆ. ಅಕ್ಷರ ಬಾರದ ತಾಯಿ ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿಟ್ಟು, ಕ್ಯಾಲೆಂಡರಿನ ಸೋಮವಾರಗಳಿಗೆಲ್ಲ ಕುಂಕುಮದ ಬೊಟ್ಟಿಟ್ಟರೆ ಅದು ಯಾವ ನರ್ಸಿನ ಚಾರ್ಟಿಗೂ ಕಡಿಮೆಯಲ್ಲ. ಈ ಅವಧಿಯಲ್ಲಿ ಕೂದಲು ಮತ್ತೆ ಬರುತ್ತದೆ, ರಕ್ತದ ಎಣಿಕೆ ಸರಿಯಿದ್ದರೆ ಮಗು ಶಾಲೆಗೂ ಹೋಗಬಹುದು. ಕಾಯಿಲೆ ಅಂಟುವಂಥದ್ದಲ್ಲ ಎಂದು ತರಗತಿಯ ಮಕ್ಕಳಿಗೂ ಅವರ ತಾಯ್ತಂದೆಯರಿಗೂ ಶಿಕ್ಷಕರು ಒಮ್ಮೆ ಹೇಳಿದರೆ ಪಕ್ಕದ ಜಾಗ ಖಾಲಿ ಉಳಿಯುವುದಿಲ್ಲ.

ಮಾತ್ರೆ ನಿಂತ ಮೇಲೆ ಮೊದಲ ಎರಡು ವರ್ಷ ಆಗಾಗ, ಆಮೇಲೆ ಅಪರೂಪಕ್ಕೆ ತಪಾಸಣೆ ನಡೆಯುತ್ತದೆ. ಕೆಲವು ಔಷಧಗಳು ಹೃದಯದ ಮೇಲೆ ಪರಿಣಾಮ ಬೀರುವುದರಿಂದ ಎಕೊ ಪರೀಕ್ಷೆಯೂ ಇರುತ್ತದೆ. ಐದು ವರ್ಷ ಕಾಯಿಲೆ ಮರಳದಿದ್ದರೆ ವೈದ್ಯರು ಗುಣವಾಯಿತೆನ್ನುತ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಆಸ್ಪತ್ರೆಯ ದಪ್ಪ ಫೈಲನ್ನು ಆಗಲೂ ಎಸೆಯುವಂತಿಲ್ಲ. ಯಾವ ಔಷಧ ಎಷ್ಟು ಹೋಗಿದೆ ಎಂಬ ಲೆಕ್ಕ ಅದರಲ್ಲಿದೆ. ಇಪ್ಪತ್ತು ವರ್ಷದ ನಂತರ ಹೆರಿಗೆಗೋ ಬೇರೊಂದು ಚಿಕಿತ್ಸೆಗೋ ಹೋದಾಗ ವೈದ್ಯರು ಅದನ್ನು ಕೇಳುತ್ತಾರೆ.