ಬಾಗುವ ರೆಕ್ಕೆ, ತಗ್ಗುವ ಆಘಾತ

ವಿಮಾನವು ಶಬ್ದಕ್ಕಿಂತ ತುಸು ಕಡಿಮೆ ವೇಗದಲ್ಲಿ ಹಾರುವಾಗಲೂ ಅದರ ರೆಕ್ಕೆಯ ಮೇಲ್ಮೈಯಲ್ಲಿ ಗಾಳಿಯು ಶಬ್ದದ ವೇಗವನ್ನು ಮೀರಿ ಧಾವಿಸಬಲ್ಲದು. ಆ ಗಾಳಿಯು ಒಮ್ಮೆಲೇ ವೇಗ ಕಳೆದುಕೊಳ್ಳುವೆಡೆ ಒತ್ತಡವು ಥಟ್ಟನೆ ಏರುತ್ತದೆ. ಇದನ್ನೇ ವಿಜ್ಞಾನಿಗಳು ಆಘಾತ ತರಂಗವೆನ್ನುತ್ತಾರೆ. ಅದು ಪ್ರಬಲವಾದಷ್ಟೂ ವಿಮಾನವನ್ನು ಹಿಂದಕ್ಕೆಳೆಯುವ ಪ್ರತಿರೋಧ ಹೆಚ್ಚುತ್ತದೆ, ಇಂಧನ ವ್ಯರ್ಥವಾಗುತ್ತದೆ.

ಈ ಆಘಾತವನ್ನು ಪೂರ್ಣವಾಗಿ ಅಳಿಸುವುದು ಕಷ್ಟ, ಹಂಚುವುದು ಸಾಧ್ಯ. ತರಂಗವಿರುವಲ್ಲಿ ಮೇಲ್ಮೈಯನ್ನು ಕೊಂಚ ಉಬ್ಬಿಸಿದರೆ ಒಂದು ಪ್ರಬಲ ತರಂಗವು ಹಲವು ದುರ್ಬಲ ತರಂಗಗಳಾಗಿ ಒಡೆದು, ಒತ್ತಡವು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಆದರೆ ವೇಗ ಬದಲಾದಂತೆ ತರಂಗದ ನೆಲೆಯೂ ಸರಿಯುತ್ತದೆ. ಒಂದು ವೇಗಕ್ಕೆ ಹಿತವಾದ ಆಕಾರವು ಇನ್ನೊಂದಕ್ಕೆ ಅಹಿತ. ಆದ್ದರಿಂದಲೇ ಹಾರಾಟದಲ್ಲಿಯೇ ಆಕಾರ ಬದಲಿಸುವ ಮೇಲ್ಮೈ ಬೇಕಾಯಿತು.

ಅಮೆರಿಕದ ನಾಸಾ ಸಂಸ್ಥೆಯು ಅಲ್ಲಿನ ವಾಯುಪಡೆಯೊಡಗೂಡಿ 1985ರಿಂದ 1988ರವರೆಗೆ ಎಫ್-111 ವಿಮಾನಕ್ಕೆ ಬಾಗುವ ರೆಕ್ಕೆಯನ್ನು ಜೋಡಿಸಿ, 59 ಹಾರಾಟಗಳಲ್ಲಿ ಪರೀಕ್ಷಿಸಿತು. ಗಾಜಿನೆಳೆಯ ನಯವಾದ ಹೊದಿಕೆಯೊಳಗಿದ್ದ ಹೈಡ್ರಾಲಿಕ್ ಯಂತ್ರಗಳು ರೆಕ್ಕೆಯ ಮುಂದಂಚು ಹಿಂದಂಚುಗಳನ್ನು ವೇಗಕ್ಕೆ ತಕ್ಕಂತೆ ಬಾಗಿಸಿದವು. ಪ್ರತಿರೋಧವೇನೋ ತಗ್ಗಿತು. ಆದರೆ ಆ ಯಂತ್ರಗಳಿಗೂ ತಮ್ಮದೇ ಭಾರವುಂಟು, ಜಟಿಲತೆಯುಂಟು.

ನಾವು ಗಮನಿಸಬೇಕಾದುದು ಇದನ್ನೇ. ಉಳಿಸಿದ ಇಂಧನವು ಹೊತ್ತ ಭಾರದ ವೆಚ್ಚವನ್ನು ಮೀರಿದಾಗಲೇ ಬಾಗುವ ರೆಕ್ಕೆಯು ಸಾರ್ಥಕವಾದೀತು.